ಬಣ್ಣದಡಿಯ ಮನೆಯ ಫೋಟೊ: ಗೆರ್ಹಾರ್ಡ್ ರಿಕ್ಟರ್ ಅವರ ಕೃತಿಗಳ ಒಂದು ಜಾನಪದೀಯ ಓದು

ಛಾಯಾಚಿತ್ರ ಮತ್ತು ವರ್ಣಚಿತ್ರಗಳ ಸಂಬಂಧವನ್ನು ಕುರಿತ ಚರ್ಚೆ ಛಾಯಾಚಿತ್ರದಷ್ಟೇ ಹಳೆಯದು. 1839ರಲ್ಲಿ ದಾಗೇರ್‌ನ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದಂದಿನಿಂದ ಈ ಎರಡು ಮಾಧ್ಯಮಗಳನ್ನು ಎದುರಾಳಿಗಳಂತೆ ನೋಡುವುದು ರೂಢಿಯಾಗಿದೆ. ಕ್ಯಾಮೆರಾ ಬಂದು ವರ್ಣಚಿತ್ರವನ್ನು ರೂಪಸಾದೃಶ್ಯದ ಹೊಣೆಯಿಂದ ಬಿಡಿಸಿತು, ಹೊಣೆ ಕಳೆದುಕೊಂಡ ವರ್ಣಚಿತ್ರ ಅಮೂರ್ತದ ಕಡೆಗೆ ನಡೆಯಿತು ಎಂಬ ಕಥನವನ್ನು ಕಲಾ ಇತಿಹಾಸದ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಛಾಯಾಚಿತ್ರವೇ ಅಮೂರ್ತ ಚಿತ್ರದ ಕಚ್ಚಾವಸ್ತುವಾದಾಗ, ಅದರಲ್ಲೂ ಮಕ್ಕಳು, ಮನೆ, ಪ್ರವಾಸ, ಹಿಮ ಬಿದ್ದ ಅಂಗಳ ಮುಂತಾದ ದಿನನಿತ್ಯದ ಫೋಟೊಗಳು ಕಚ್ಚಾವಸ್ತುವಾದಾಗ ಈ ಕಥನ ನಮ್ಮ ನೆರವಿಗೆ ಬರುವುದಿಲ್ಲ. ಅಲ್ಲಿ ಒಂದು ಮಾಧ್ಯಮ ಮತ್ತೊಂದಕ್ಕೆ ದಾರಿ ಬಿಟ್ಟುಕೊಡುವುದಿಲ್ಲ. ಒಂದರ ಮೈಮೇಲೆ ಇನ್ನೊಂದು ಬಂದು ಕೂರುತ್ತದೆ.

ಪ್ರಸ್ತುತ ಲೇಖನವು ಜರ್ಮನಿಯ ಕಲಾವಿದ ಗೆರ್ಹಾರ್ಡ್ ರಿಕ್ಟರ್ ಅವರ ಮೇಲ್ಬಣ್ಣದ ಛಾಯಾಚಿತ್ರಗಳನ್ನೂ ಅವುಗಳಿಗೆ ಸಂಬಂಧಿಸಿದ ಕೆಲವು ದೊಡ್ಡ ಕೃತಿಗಳನ್ನೂ ಪರಿಶೀಲಿಸುತ್ತದೆ. 'ಮೇಲ್ಬಣ್ಣದ ಛಾಯಾಚಿತ್ರ' ಎಂಬ ಮಾತನ್ನು ಅವುಗಳ ಜರ್ಮನ್ ಹೆಸರಿಗೆ ಸಂವಾದಿಯಾಗಿ ಬಳಸಿದ್ದೇನೆ. ಚಿತ್ರಕಲೆಯ ವಿಮರ್ಶೆ ಜಾನಪದ ವಿದ್ಯಾರ್ಥಿಯ ಕ್ಷೇತ್ರವಲ್ಲವೆಂಬ ಆಕ್ಷೇಪ ಬರಬಹುದು. ಆದರೆ ಈ ಕೃತಿಗಳಲ್ಲಿ ಬಣ್ಣದ ಕೆಳಗೆ ಇರುವ ವಸ್ತು ಯಾವುದು? ಮನೆಯ ಫೋಟೊ. ಇಪ್ಪತ್ತನೆಯ ಶತಮಾನದಲ್ಲಿ ಅತ್ಯಂತ ವ್ಯಾಪಕವಾಗಿ ಹರಡಿದ ಜನಬಳಕೆಯ ವಸ್ತುಗಳಲ್ಲಿ ಅದೂ ಒಂದು. ಅದಕ್ಕೆ ತನ್ನದೇ ಆದ ಸೂತ್ರಗಳಿವೆ, ನಿಷೇಧಗಳಿವೆ, ಆಚರಣೆಗಳಿವೆ. ಬಣ್ಣದ ವಿಷಯದಲ್ಲಿ ಕಲಾವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಬಣ್ಣದಡಿಯ ವಸ್ತುವಿನ ಬಗ್ಗೆ ನಮ್ಮ ಶಿಸ್ತಿಗೆ ಹೇಳಲಿಕ್ಕೆ ಹೆಚ್ಚು ಇದೆ ಎಂಬುದು ನನ್ನ ನಂಬಿಕೆ.

ವಸ್ತು ಮತ್ತು ವಿಧಾನ

ರಿಕ್ಟರ್ 1932ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು. ಅಲ್ಲಿಯ ಕಲಾಶಾಲೆಯಲ್ಲಿ ಸಮಾಜವಾದಿ ವಾಸ್ತವವಾದದ ಶಿಕ್ಷಣ ಪಡೆದು, 1961ರಲ್ಲಿ, ಬರ್ಲಿನ್ ಗೋಡೆ ಏಳುವುದಕ್ಕೆ ಕೆಲವು ತಿಂಗಳ ಮುನ್ನ, ಪಶ್ಚಿಮ ಜರ್ಮನಿಗೆ ದಾಟಿ ಡುಸೆಲ್ಡಾರ್ಫ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ತಮ್ಮ ಕೃತಿಗಳ ಪಟ್ಟಿಯಲ್ಲಿ ಅವರು ಮೊದಲ ಸಂಖ್ಯೆ ಕೊಟ್ಟಿರುವುದು 1962ರ 'ಮೇಜು' ಎಂಬ ಚಿತ್ರಕ್ಕೆ. ಇಟಲಿಯ 'ದೋಮುಸ್' ಪತ್ರಿಕೆಯಲ್ಲಿದ್ದ ಮೇಜಿನ ಫೋಟೊವೊಂದನ್ನು ನೋಡಿ ಬರೆದು, ಬರೆದದ್ದರ ನಡುಭಾಗವನ್ನು ದ್ರಾವಕದಿಂದ ಒರೆಸಿ ಕಲಸಿಬಿಟ್ಟ ಚಿತ್ರವದು. ಫೋಟೊವನ್ನು ಎತ್ತಿಕೊಳ್ಳುವ ಕೈ ಮತ್ತು ಅದನ್ನು ಅಳಿಸುವ ಕೈ ಎರಡೂ ಮೊದಲ ಕೃತಿಯಲ್ಲೇ ಒಟ್ಟಿಗಿವೆ. ಅದೇ ಕಾಲದಿಂದ ಅವರು ಪತ್ರಿಕೆಯ ತುಣುಕುಗಳು, ಮನೆಯ ಫೋಟೊಗಳು, ತಾವೇ ತೆಗೆದ ಚಿತ್ರಗಳು ಇವೆಲ್ಲವನ್ನೂ ಹಾಳೆಗಳ ಮೇಲೆ ಅಂಟಿಸುತ್ತ ಬಂದರು. 'ಅಟ್ಲಾಸ್' ಎಂಬ ಹೆಸರಿನ ಈ ಸಂಗ್ರಹ ಮೊದಲು ಪ್ರದರ್ಶಿತವಾದದ್ದು 1972ರಲ್ಲಿ, ಹಾಲೆಂಡಿನ ಉಟ್ರೆಕ್ಟ್‌ನಲ್ಲಿ. 1996ರಲ್ಲಿ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ವಸ್ತುಸಂಗ್ರಹಾಲಯಕ್ಕೆ ಸೇರಿದ ಮೇಲೂ ಬೆಳೆಯುತ್ತ ಹೋಗಿ 800 ಫಲಕಗಳನ್ನು ಮುಟ್ಟಿತು. ಕ್ಷೇತ್ರಕಾರ್ಯದ ಸಾಮಗ್ರಿಯನ್ನು ವಿಂಗಡಿಸಿ ಇಟ್ಟವರಿಗೆ ಇದನ್ನು ನೋಡಿದರೆ ಒಂದು ಪರಿಚಿತ ಭಾವ ಬರುತ್ತದೆ: ಯಾವುದನ್ನು ಎಸೆಯಬೇಕೆಂದು ತೀರ್ಮಾನಿಸಲಾರದವನ ಸಂಗ್ರಹವದು.

ಮೇಲ್ಬಣ್ಣದ ಛಾಯಾಚಿತ್ರಗಳು ಶುರುವಾದದ್ದು 1980ರ ದಶಕದ ಉತ್ತರಾರ್ಧದಲ್ಲಿ. ಆ ವೇಳೆಗೆ ರಿಕ್ಟರ್ ದೊಡ್ಡ ಅಮೂರ್ತ ಚಿತ್ರಗಳನ್ನು ಮಾಡುತ್ತಿದ್ದರು. ಅವುಗಳಿಗೆ ಬಳಸುತ್ತಿದ್ದುದು ಕುಂಚಕ್ಕಿಂತ ಹೆಚ್ಚಾಗಿ, ನಮ್ಮ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳ ಸ್ಕ್ವೀಜಿಯಂಥ, ಆದರೆ ಆಳುದ್ದದವರೆಗೂ ಇರುವ ಪಟ್ಟಿಯನ್ನು. ಹಸಿಬಣ್ಣವನ್ನು ಅದರ ಅಂಚಿಗೆ ಹಚ್ಚಿ ಕ್ಯಾನ್ವಾಸಿನ ಮೇಲೆ ಎಳೆದರೆ ಕೆಳಗಿನ ಪದರ ಕೆಲವೆಡೆ ಮುಚ್ಚಿ ಕೆಲವೆಡೆ ಕಿತ್ತು ಬರುತ್ತದೆ. ದಿನದ ಕೆಲಸ ಮುಗಿದಾಗ ಪಟ್ಟಿಯ ಮೇಲೆ ಬಣ್ಣ ಉಳಿದಿರುತ್ತಿತ್ತು. ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ, ಸಾಮಾನ್ಯವಾಗಿ 10 ಸೆಂಟಿಮೀಟರ್ ಎತ್ತರ 15 ಸೆಂಟಿಮೀಟರ್ ಅಗಲದ ಫೋಟೊಗಳನ್ನು ಆ ಉಳಿಕೆಯ ಬಣ್ಣಕ್ಕೆ ಒತ್ತಿ ಎತ್ತುವುದು, ಇಲ್ಲವೇ ಅದರ ಮೂಲಕ ಎಳೆಯುವುದು: ಇಷ್ಟೇ ವಿಧಾನ. ಕ್ಷಣಮಾತ್ರದ ಕೆಲಸ, ತಿದ್ದುವ ಅವಕಾಶ ಬಹಳ ಕಡಿಮೆ. ಸರಿಬಾರದವನ್ನು ನಾಶಮಾಡಲಾಗುತ್ತಿತ್ತು. ಉಳಿದವಕ್ಕೆ ಶೀರ್ಷಿಕೆಯ ಬದಲು ಒಂದು ದಿನಾಂಕ. 2008ರಲ್ಲಿ ಲೆವರ್‌ಕೂಸೆನ್‌ನ ಮೋರ್ಸ್‌ಬ್ರೋಯ್ಖ್ ವಸ್ತುಸಂಗ್ರಹಾಲಯ ಇವುಗಳಿಗಾಗಿಯೇ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿತು. ಅಲ್ಲಿಯವರೆಗೆ ದೊಡ್ಡ ಚಿತ್ರಗಳ ನೆರಳಿನಲ್ಲಿದ್ದ ಈ ಪುಟ್ಟ ಕೃತಿಗಳ ಕಡೆಗೆ ವಿಮರ್ಶೆಯ ಗಮನ ಹರಿದದ್ದು ಹೆಚ್ಚಾಗಿ ಆಮೇಲೆ.

ಇವನ್ನು ಪುಸ್ತಕಗಳ ಮುದ್ರಿತ ಪ್ರತಿಗಳಲ್ಲಿ ನೋಡುವವರು ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು. ಮೂಲದಲ್ಲಿ ಫೋಟೊ ನುಣುಪಾದ ತೆಳು ಕಾಗದ. ಬಣ್ಣ ಅದರ ಮೇಲೆ ಎದ್ದುನಿಂತ, ಅಂಚುಗಳಲ್ಲಿ ಕೊಂಕಿದ ದಪ್ಪ ಪದಾರ್ಥ. ಮುದ್ರಣದಲ್ಲಿ ಎರಡೂ ಒಂದೇ ಮಟ್ಟಕ್ಕೆ ಇಳಿಯುತ್ತವೆ. ಕೃತಿಯ ಫೋಟೊ ತೆಗೆದ ಕೂಡಲೇ ಬಣ್ಣವೂ ಫೋಟೊ ಆಗಿಬಿಡುತ್ತದೆ. ಇದನ್ನು ರಿಕ್ಟರ್ ಚೆನ್ನಾಗಿ ಬಲ್ಲರು. 1978ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದಾಗ ಅವರು ತಮ್ಮದೇ ಒಂದು ಸಣ್ಣ ಅಮೂರ್ತ ತೈಲಚಿತ್ರದ ಮೇಲ್ಮೈಯನ್ನು ಬೇರೆಬೇರೆ ಕೋನಗಳಿಂದ ತೆಗೆದು 128 ಕಪ್ಪುಬಿಳುಪು ಫೋಟೊಗಳ ಸರಣಿ ಮಾಡಿದರು. ಅಲ್ಲಿ ಬಣ್ಣದ ಉಬ್ಬುತಗ್ಗುಗಳು ಬೆಟ್ಟ ಕಣಿವೆಗಳಂತೆ ಕಾಣುತ್ತವೆ. 2011ರಲ್ಲಿ, 1990ರ ಒಂದು ಅಮೂರ್ತ ಚಿತ್ರದ ಛಾಯಾಪ್ರತಿಯನ್ನು ಗಣಕದಲ್ಲಿ 2, 4, 8, 16 ಎಂದು 4,096 ಪಟ್ಟಿಗಳವರೆಗೆ ಸೀಳಿ, ಕನ್ನಡಿಬಿಂಬದಂತೆ ಮಡಿಸಿ, ಅಡ್ಡಗೆರೆಗಳಷ್ಟೇ ಉಳಿಯುವಂತೆ ಮಾಡಿದರು. ಈ ಎರಡನೆಯ ಪ್ರಯೋಗ ನನಗೆ ಅಷ್ಟೇನೂ ರುಚಿಸಿಲ್ಲ. ಅಲ್ಲಿ ಕಳೆದುಹೋಗುವ ಮೂಲ ಮತ್ತೊಂದು ಅಮೂರ್ತ ಚಿತ್ರವಾದ್ದರಿಂದ ಕಳೆದುಹೋದದ್ದರ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಮನೆಯ ಫೋಟೊ ಹಾಗಲ್ಲ.

'ಅಮೂರ್ತ' ಎಂಬ ಮಾತು

ಕನ್ನಡದಲ್ಲಿ ನಾವು ಬಳಸುವ 'ಅಮೂರ್ತ' ಎಂಬ ಪದ ಮೂರ್ತಿಯ ಅಭಾವವನ್ನು ಹೇಳುತ್ತದೆ. ಯುರೋಪಿನ ಭಾಷೆಗಳಲ್ಲಿ ಇದಕ್ಕಿರುವ ಪದದ ಮೂಲಾರ್ಥ ಬೇರೆ: ಒಂದರೊಳಗಿಂದ ಸೆಳೆದು ತೆಗೆಯುವುದು. ಮರದಿಂದ ಮರದ ಗೆರೆಯನ್ನಷ್ಟೇ, ದನದಿಂದ ದನದ ಆಕಾರವನ್ನಷ್ಟೇ ಹಿರಿದುಕೊಳ್ಳುವುದು. ಎರಡೂ ಅರ್ಥಗಳು ರಿಕ್ಟರ್ ಅವರ ಮೇಲ್ಬಣ್ಣಕ್ಕೆ ಒಗ್ಗುವುದಿಲ್ಲ. ಇಲ್ಲಿ ಫೋಟೊದಿಂದ ಏನನ್ನೂ ಸೆಳೆದು ತೆಗೆದಿಲ್ಲ. ಅದರ ಮೇಲೆ ಹೊರಗಿನದೊಂದನ್ನು ತಂದು ಹಾಕಲಾಗಿದೆ. ಮೂರ್ತಿಯ ಅಭಾವವೂ ಇಲ್ಲ. ವಾಸ್ತವವಾಗಿ ಈ ಕೃತಿಯಲ್ಲಿ ಅತ್ಯಂತ ಮೂರ್ತವಾದದ್ದು, ಮುಟ್ಟಿದರೆ ಕೈಗೆ ಸಿಗುವಂಥದು, ತೂಕವುಳ್ಳದ್ದು ಬಣ್ಣವೇ. ಮೂರ್ತವೆಂದು ನಾವು ನಂಬಿರುವ ಮಗು, ಹುಲ್ಲು, ಕಿಟಕಿಗಳು ಮಿಲಿಮೀಟರಿನ ಅಂಶದಷ್ಟು ದಪ್ಪದ ಎಮಲ್ಷನ್‌ನ ಮೇಲಿನ ನೆರಳುಗಳು. ಆದ್ದರಿಂದ 'ಮೂರ್ತವನ್ನು ಅಮೂರ್ತ ಮಾಡಿದ್ದಾರೆ' ಎಂಬ ಸುಲಭ ವಿವರಣೆ ಇಲ್ಲಿ ತಲೆಕೆಳಗಾಗುತ್ತದೆ.

ಈ ಸಂದರ್ಭದಲ್ಲಿ ನಮ್ಮಲ್ಲಿ ಆಗಾಗ ಕೇಳಿಬರುವ ಇನ್ನೊಂದು ಮಾತನ್ನೂ ಪ್ರಸ್ತಾಪಿಸಿ ಮುಂದೆ ಹೋಗುತ್ತೇನೆ. ಜನಪದ ಚಿತ್ರಕಲೆಯೇ ಅಮೂರ್ತದ ತಾಯಿ, ನಮ್ಮ ರಂಗೋಲಿ, ಹಸೆ ಚಿತ್ತಾರಗಳಲ್ಲಿ ಇದೆಲ್ಲ ಮೊದಲೇ ಇತ್ತು ಎಂಬ ವಾದವದು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಬರೆಯುವ ಚಿತ್ತಾರದ ಎಳೆಗಳಿಗೆ ಒಂದೊಂದಕ್ಕೂ ಹೆಸರಿದೆ. ಬರೆಯುವವರಿಗೆ ಅದು ಏನೆಂದು ಗೊತ್ತಿದೆ. ಅದು ಸಂಕೇತಗಳ ಲಿಪಿ. ಹೊರಗಿನವರಿಗೆ ಓದಲು ಬಾರದ ಲಿಪಿಯನ್ನು ಅಮೂರ್ತ ಎನ್ನುವುದು ಶಾಸ್ತ್ರೀಯ ವಿವರಣೆಯಾಗಲಾರದು. ರಿಕ್ಟರ್ ಅವರ ಬಣ್ಣದ ಗೀಟಿಗೆ ಹೆಸರಿಲ್ಲ, ಇರಬೇಕೆಂಬ ಹಂಬಲವೂ ಇಲ್ಲ. ಇವೆರಡನ್ನು ಹತ್ತಿರ ತರುವುದರಿಂದ ಎರಡಕ್ಕೂ ಉಪಕಾರವಿಲ್ಲ.

ಭಾರತದ ಆಧುನಿಕರಲ್ಲಿ ಹೋಲಿಕೆ ಬೇಕೆನಿಸಿದರೆ ನಸ್ರೀನ್ ಮೊಹಮದಿ ಅವರನ್ನು ನೆನೆಯಬಹುದು. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡದಲ್ಲಿ ಕಲಿಸುತ್ತಿದ್ದು 1990ರಲ್ಲಿ ತೀರಿಕೊಂಡ ಅವರು ನೀರಿನ ಅಂಚು, ರಸ್ತೆಯ ಗೆರೆ, ಫತೇಪುರ್ ಸಿಕ್ರಿಯ ಕಲ್ಲುಹಾಸು ಮುಂತಾದವುಗಳ ಫೋಟೊ ತೆಗೆಯುತ್ತಿದ್ದರು. ಜೊತೆಗೆ ಮಸಿ ಮತ್ತು ಪೆನ್ಸಿಲ್ಲಿನಲ್ಲಿ ಅತಿ ಸೂಕ್ಷ್ಮವಾದ ಗೆರೆಗಳ ಅಮೂರ್ತ ಚಿತ್ರಗಳನ್ನು ಬರೆಯುತ್ತಿದ್ದರು. ಫೋಟೊಗಳನ್ನು ಬದುಕಿದ್ದಾಗ ಅವರು ಪ್ರದರ್ಶನಕ್ಕೆ ಇಡಲಿಲ್ಲ. 'ಸೆಳೆದು ತೆಗೆಯುವುದು' ಎಂಬ ಅರ್ಥದ ಅಮೂರ್ತ ಅಲ್ಲಿದೆ. ಫೋಟೊ ಕಣ್ಣಿನ ಅಭ್ಯಾಸವಾಗಿ ಹಿಂದೆ ನಿಂತಿತು, ಗೆರೆ ಮುಂದೆ ಬಂತು. ರಿಕ್ಟರ್ ಅವರಲ್ಲಿ ಹಾಗೆ ಹಿಂದೆ ನಿಲ್ಲಲು ಫೋಟೊ ಒಪ್ಪುವುದಿಲ್ಲ.

ಕಟ್ಟು ಹಾಕಿಸಿದ ಫೋಟೊ

ಮನೆಯ ಫೋಟೊ ಎಷ್ಟು ಸೂತ್ರಬದ್ಧವಾದುದೆಂಬುದನ್ನು ಪಿಯರ್ ಬೂರ್ಡ್ಯೂ ಮತ್ತು ಅವರ ಸಂಗಡಿಗರು 1965ರ ತಮ್ಮ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಯಾವಾಗ ಫೋಟೊ ತೆಗೆಯಬೇಕು, ಯಾರು ಯಾರ ಪಕ್ಕ ನಿಲ್ಲಬೇಕು, ಯಾವುದನ್ನು ತೆಗೆಯಬಾರದು ಎಂಬುದನ್ನು ವ್ಯಕ್ತಿಯ ಅಭಿರುಚಿಗಿಂತ ಹೆಚ್ಚಾಗಿ ಕುಟುಂಬದ ಐಕ್ಯವನ್ನು ಸಾರುವ ಅಗತ್ಯ ನಿರ್ಧರಿಸುತ್ತದೆ ಎಂಬುದು ಅವರ ಮುಖ್ಯ ವಾದ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮನೆಯ ಫೋಟೊಗೆ ಒಂದು ಮಾದರಿ ಇದೆ, ಪ್ರತಿಯೊಂದು ಫೋಟೊ ಆ ಮಾದರಿಯ ಒಂದು ಪಾಠಾಂತರ. ಭಾರತದಲ್ಲಿ ಕ್ರಿಸ್ಟೋಫರ್ ಪಿನ್ನಿ ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೊಗಳನ್ನು ಹತ್ತಿರದಿಂದ ನೋಡಿ 1997ರಲ್ಲಿ ಪ್ರಕಟಿಸಿದ ಗ್ರಂಥ ಇನ್ನೊಂದು ಮಗ್ಗುಲನ್ನು ತೆರೆಯಿತು: ಇಲ್ಲಿ ಫೋಟೊ ತೆಗೆದ ಮೇಲೂ ಮುಗಿಯುವುದಿಲ್ಲ, ಅದರ ಮೇಲೆ ಕೈ ಆಡುತ್ತಲೇ ಇರುತ್ತದೆ.

ಕನ್ನಡ ನಾಡಿನ ಮನೆಗಳಲ್ಲಿ ಇದಕ್ಕೆ ನಿದರ್ಶನ ಹುಡುಕಬೇಕಾಗಿಲ್ಲ. ಹಿರಿಯರು ತೀರಿಕೊಂಡಾಗ ಅವರ ಒಂಟಿ ಫೋಟೊ ಇಲ್ಲದಿದ್ದರೆ ಮದುವೆಯ ಗುಂಪು ಫೋಟೊದಿಂದ ಅವರ ಮುಖವೊಂದನ್ನೇ ಬೇರ್ಪಡಿಸಿ, ದೊಡ್ಡದು ಮಾಡಿಸಿ, ಭುಜದ ಮೇಲಿದ್ದ ಮತ್ತೊಬ್ಬರ ಕೈಯನ್ನು ಅಳಿಸಿ, ಬೇಕಾದರೆ ಕೋಟು ಪೇಟಗಳನ್ನು ಬರೆಸಿ 'ಕಟ್ಟು ಹಾಕಿಸುವುದು' ಸ್ಟುಡಿಯೊಗಳಲ್ಲಿ ಬಹುಕಾಲ ನಡೆದ ಕೆಲಸ. 'ಸೆಳೆದು ತೆಗೆಯುವುದು' ಎಂಬ ಅರ್ಥದಲ್ಲಿ ಇದನ್ನು ಅಮೂರ್ತೀಕರಣವೆಂದೇ ಕರೆಯಬಹುದು: ಒಂದು ಸಂದರ್ಭದಿಂದ, ಒಂದು ಮಧ್ಯಾಹ್ನದ ಊಟದ ಸದ್ದಿನಿಂದ ಒಬ್ಬರನ್ನು ಹಿರಿದು ಯಾವ ಕಾಲಕ್ಕೂ ಸೇರದ ಬೂದುಬಣ್ಣದ ಹಿನ್ನೆಲೆಯಲ್ಲಿ ನಿಲ್ಲಿಸುವುದು. ಬಳಿಕ ಆ ಫೋಟೊ ಗೋಡೆ ಸೇರುತ್ತದೆ. ಹಣೆಯ ನೇರಕ್ಕೆ ಗಾಜಿನ ಮೇಲೆ ಗಂಧವೋ ವಿಭೂತಿಯೋ ಕುಂಕುಮವೋ ಬೀಳುತ್ತದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಗಾಜನ್ನು ಒರೆಸಿ ಹೊಸದಾಗಿ ಇಡುತ್ತಾರೆ. ಒರೆಸುವ ಪದ್ಧತಿ ಇಲ್ಲದ ಕಡೆ ವರ್ಷವರ್ಷವೂ ಬೊಟ್ಟು ದಪ್ಪವಾಗುತ್ತ, ಉದುರುತ್ತ, ಮೂಗಿನ ಮೇಲಕ್ಕೆ ಇಳಿಯುತ್ತ ಮುಖದ ನಡುಭಾಗವನ್ನು ಆವರಿಸುವುದುಂಟು. ಮನೆಯವರಿಗೆ ಅದರಿಂದ ಕಾಣಿಸುವುದಕ್ಕೆ ಅಡ್ಡಿಯಾಯಿತೆಂದು ಅನ್ನಿಸುವುದಿಲ್ಲ. ಆ ಮುಖವನ್ನು ಅವರು ನೋಡುವುದು ಕಣ್ಣಿನಿಂದಲ್ಲ, ಕೈಯಿಂದ.

ರಿಕ್ಟರ್ ಅವರ ಮೇಲ್ಬಣ್ಣವನ್ನು ಈ ಕುಂಕುಮದ ಪಕ್ಕ ಇಟ್ಟು ನೋಡಿದಾಗ ಸಾಮ್ಯಕ್ಕಿಂತ ವ್ಯತ್ಯಾಸಗಳೇ ಹೆಚ್ಚು ಬೋಧಪ್ರದವಾಗಿವೆ. ನಮ್ಮಲ್ಲಿ ಚಿತ್ರಕ್ಕೂ ಬಣ್ಣಕ್ಕೂ ನಡುವೆ ಗಾಜು ಇದೆ, ಅಲ್ಲಿ ಇಲ್ಲ. ನಮ್ಮಲ್ಲಿ ಲೇಪ ಒರೆಸಿ ಮತ್ತೆ ಹಚ್ಚುವಂಥದು, ಪಂಚಾಂಗದೊಂದಿಗೆ ತಿರುಗುವಂಥದು. ಅಲ್ಲಿ ಅದು ಒಂದೇ ಸಲ, ಹಿಂದಿರುಗದಂತೆ. ನಮ್ಮಲ್ಲಿ ಬೊಟ್ಟು ಎಲ್ಲಿ ಬೀಳಬೇಕೆಂಬುದು ನಿಶ್ಚಿತ. ಅಲ್ಲಿ ಅದು ಪಟ್ಟಿಯ ಮೇಲೆ ಉಳಿದ ಬಣ್ಣದ ಪಾಲಿಗೆ ಬಿಟ್ಟದ್ದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಲೇಪನಕ್ಕೆ ಅರ್ಹವಾಗುವುದು ತೀರಿಕೊಂಡವರ ಫೋಟೊ. ಬದುಕಿರುವವರ ಫೋಟೊಗೆ ಕುಂಕುಮವಿಡುವುದು, ಹಾರ ಹಾಕುವುದು ಅಪಶಕುನ. ರಿಕ್ಟರ್ ಬಣ್ಣ ಹಾಕಿದ್ದು ಬಹುಪಾಲು ಬದುಕಿರುವವರ, ತಮ್ಮದೇ ಮನೆಯವರ ಚಿತ್ರಗಳಿಗೆ. ಒಬ್ಬ ಕನ್ನಡ ಗೃಹಿಣಿ ಈ ಚಿತ್ರಗಳನ್ನು ನೋಡಿ 'ಬಿಡ್ತು ಅನ್ನಿ' ಎಂದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಆಕೆ ಗುರುತಿಸುವ ಅಳುಕು ಆ ಕೃತಿಗಳಲ್ಲಿ ಇದೆ. ಮಗುವಿನ ಮೈಮೇಲೆ ಕೆಂಪುಬಣ್ಣ ಹರಿದು ನಿಂತ ಕಡೆ ಯುರೋಪಿನ ವಿಮರ್ಶಕರು 'ಎರಡು ಮಾಧ್ಯಮಗಳ ಸಂವಾದ' ಎಂದು ಬರೆಯುವುದು ನನಗೆ ತೀರ ತಣ್ಣಗಿನ ಮಾತಾಗಿ ಕೇಳಿಸುತ್ತದೆ.

ಎಲ್ಲ ಮೇಲ್ಬಣ್ಣದ ಫೋಟೊಗಳೂ ಸಮಾನ ಸತ್ತ್ವದವಲ್ಲ ಎಂಬುದನ್ನೂ ಹೇಳಬೇಕು. ಸಂಖ್ಯೆ ದೊಡ್ಡದು, ಕೈ ಚುರುಕು, ಮಾರುಕಟ್ಟೆಯ ಹಸಿವು ದೊಡ್ಡದು. ಬಣ್ಣ ಆಕಾಶದ ಜಾಗದಲ್ಲಷ್ಟೇ ಬಿದ್ದು ಮುಖಗಳಿಗೆ ಅಲಂಕಾರದ ಚೌಕಟ್ಟಾಗಿ ನಿಂತ ಕಡೆ ಅದು ಶುಭಾಶಯ ಪತ್ರದ ಚೆಲುವನ್ನು ದಾಟುವುದಿಲ್ಲ. ಕಾಡಿನ ಫೋಟೊ ಮೇಲೆ ಹಸಿರು, ಹಿಮದ ಮೇಲೆ ಬಿಳಿ ಎಂದು ಬಣ್ಣವು ಚಿತ್ರದ ಮಾತನ್ನು ಪುನರುಚ್ಚರಿಸಿದ ಕಡೆಯೂ ಅಷ್ಟೇ. ಬಣ್ಣವು ಚಿತ್ರಕ್ಕೆ ಸೊಪ್ಪು ಹಾಕದೆ ಎಳೆದುಕೊಂಡು ಹೋದ, ಒಬ್ಬರ ಮುಖವನ್ನು ಮುಚ್ಚಿ ಅವರ ಕೈಯನ್ನು ಮಾತ್ರ ಬಿಟ್ಟ, ಉಳಿದ ಕೈ ಯಾರದೆಂದು ನಾವು ಹುಡುಕುವಂತೆ ಮಾಡಿದ ಚಿತ್ರಗಳೇ ಅವರ ಉತ್ತಮ ಕೃತಿಗಳು. ಅಲ್ಲಿ ಫೋಟೊ ಸೋತಿಲ್ಲ. ಬಣ್ಣದ ಅಂಚಿನಿಂದ ಇಣುಕುವ ಒಂದು ಕುರ್ಚಿಯ ಕಾಲು ಇಡೀ ಕೋಣೆಯನ್ನು ಕಟ್ಟಿಕೊಡುತ್ತದೆ. ಮನೆಯ ಫೋಟೊ ಸೂತ್ರಬದ್ಧವಾದ್ದರಿಂದಲೇ ಇದು ಸಾಧ್ಯ: ಮುಚ್ಚಿದ ಭಾಗದಲ್ಲಿ ಏನಿರಬಹುದೆಂದು ನೋಡುವವರಿಗೆ ಮೊದಲೇ ಗೊತ್ತಿರುತ್ತದೆ. ಒಂದು ಸಾಲು ಮರೆತುಹೋದರೂ ಲಾವಣಿಯನ್ನು ಕೇಳುಗರು ತುಂಬಿಕೊಳ್ಳುವ ಹಾಗೆ.

ಸೋದರಮಾವ, ಚಿಕ್ಕಮ್ಮ, ಮಾವ

ಮನೆಯ ಫೋಟೊ ಏನನ್ನು ಹೇಳುವುದಿಲ್ಲ ಎಂಬ ಪ್ರಶ್ನೆಗೆ ರಿಕ್ಟರ್ ಅವರ 1960ರ ದಶಕದ ಚಿತ್ರಗಳು ಇನ್ನೂ ಕಠೋರವಾದ ಉತ್ತರ ಕೊಡುತ್ತವೆ. ಅವು ಅಮೂರ್ತವಲ್ಲ. ಫೋಟೊವನ್ನು ನೋಡಿ ಬೂದುಬಣ್ಣದಲ್ಲಿ ಯಥಾವತ್ತಾಗಿ ಬರೆದು, ಬಣ್ಣ ಹಸಿ ಇರುವಾಗಲೇ ಒಣಕುಂಚವನ್ನು ಎಳೆದು ಮಸುಕು ಮಾಡಿದ ಚಿತ್ರಗಳು. 1965ರ ಒಂದು ಚಿತ್ರದಲ್ಲಿ ಸೈನ್ಯದ ನಿಲುವಂಗಿ ತೊಟ್ಟ ಯುವಕ ನಗುತ್ತ ನಿಂತಿದ್ದಾನೆ. ಅದೇ ವರ್ಷದ ಇನ್ನೊಂದರಲ್ಲಿ ಒಬ್ಬ ಹುಡುಗಿ, ಮುಂದೆ ಒಂದು ಕೂಸು. ಆ ಕೂಸು ಸ್ವತಃ ರಿಕ್ಟರ್. ಮೊದಲನೆಯವರು ರೂಡಿ, 1944ರಲ್ಲಿ ನಾರ್ಮಂಡಿಯಲ್ಲಿ ಸತ್ತವರು. ಎರಡನೆಯವರು ಮರಿಯಾನೆ; ಮನೋರೋಗಿಯೆಂದು ನಿರ್ಣಯಿಸಿ, ಬಲವಂತದಿಂದ ಬಂಜೆಯಾಗಿಸಿ, ಕೊನೆಗೆ 1945ರಲ್ಲಿ ನಾತ್ಸಿಗಳ 'ದಯಾಮರಣ' ಯೋಜನೆಯಡಿ ಆಸ್ಪತ್ರೆಯೊಂದರಲ್ಲಿ ಕೊಲ್ಲಲ್ಪಟ್ಟವರು.

ಜರ್ಮನ್ ಭಾಷೆಯ ಶೀರ್ಷಿಕೆಗಳಲ್ಲಿ ಇವರಿಬ್ಬರೂ ಕೇವಲ 'ಓಂಕಲ್' ಮತ್ತು 'ಟಾಂಟೆ'. ತಂದೆಯ ಕಡೆಯೋ ತಾಯಿಯ ಕಡೆಯೋ ಎಂಬುದು ಆ ಪದಗಳಿಂದ ತಿಳಿಯುವುದಿಲ್ಲ. ಕನ್ನಡಕ್ಕೆ ತರುವಾಗ ನಾವು ವಂಶವೃಕ್ಷವನ್ನು ನೋಡಲೇಬೇಕಾಗುತ್ತದೆ. ಇಬ್ಬರೂ ರಿಕ್ಟರ್ ಅವರ ತಾಯಿಯ ಒಡಹುಟ್ಟಿದವರು. ಆದ್ದರಿಂದ ಒಬ್ಬರು ಸೋದರಮಾವ, ಇನ್ನೊಬ್ಬರು ಚಿಕ್ಕಮ್ಮ. ಈ ಅನುವಾದ ಕೇವಲ ಶಬ್ದದ ಸಮಸ್ಯೆಯಲ್ಲ. ಮದುವೆ ಮುಂಜಿಗಳಲ್ಲಿ ಸೋದರಮಾವನಿಲ್ಲದೆ ಶಾಸ್ತ್ರ ನಡೆಯದ ನಾಡಿನವರಿಗೆ 'ಸೋದರಮಾವ ರೂಡಿ' ಎಂದ ಕೂಡಲೇ ಆ ನಗುಮುಖದ ಸೈನಿಕ ಮನೆಯೊಳಗೆ ಬಂದು ಕೂರುತ್ತಾನೆ. ಅವನನ್ನು 'ನಾತ್ಸಿ' ಎಂದು ದೂರ ನಿಲ್ಲಿಸುವುದು ಕಷ್ಟವಾಗುತ್ತದೆ. ರಿಕ್ಟರ್ ಅವರ ಉದ್ದೇಶವೂ ಇದೇ ಇದ್ದಿರಬೇಕು. ಆ ಚಿತ್ರವನ್ನು ಅವರು ಕೊಟ್ಟದ್ದು 1942ರಲ್ಲಿ ನಾತ್ಸಿಗಳು ನೆಲಸಮ ಮಾಡಿದ ಚೆಕ್ ಹಳ್ಳಿ ಲಿಡಿತ್ಸೆಯ ಸ್ಮರಣೆಯ ಸಂಗ್ರಹಕ್ಕೆ.

2005ರಲ್ಲಿ ಪತ್ರಕರ್ತ ಯೂರ್ಗೆನ್ ಶ್ರೈಬರ್ ಬರೆದ ಪುಸ್ತಕ ಇದಕ್ಕೆ ಮೂರನೆಯ ಫೋಟೊವೊಂದನ್ನು ಜೋಡಿಸಿತು. 1964ರಲ್ಲಿ ರಿಕ್ಟರ್ ಸಮುದ್ರತೀರದಲ್ಲಿ ವಿಹರಿಸುತ್ತಿರುವ ಕುಟುಂಬವೊಂದರ ಫೋಟೊವನ್ನು ಚಿತ್ರವಾಗಿಸಿದ್ದರು. ಅದರಲ್ಲಿ ಮಕ್ಕಳೊಡನೆ ನಗುತ್ತಿರುವವರು ಅವರ ಮೊದಲ ಪತ್ನಿಯ ತಂದೆ, ಡ್ರೆಸ್ಡೆನ್‌ನಲ್ಲಿ ಸ್ತ್ರೀರೋಗತಜ್ಞರಾಗಿದ್ದ ಹೈನ್ರಿಕ್ ಆಯ್ಫಿಂಗರ್. ನಾತ್ಸಿ ಕಾಲದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ ಈತನ ಪಾತ್ರವನ್ನು ಶ್ರೈಬರ್ ದಾಖಲೆಗಳಿಂದ ತೋರಿಸಿದರು. ಚಿಕ್ಕಮ್ಮ ಯಾವ ನೀತಿಗೆ ಬಲಿಯಾದಳೋ ಅದನ್ನು ನಡೆಸಿದವರಲ್ಲಿ ಒಬ್ಬ ಹೆಣ್ಣು ಕೊಟ್ಟ ಮಾವ. ಚಿತ್ರಗಳನ್ನು ಬರೆಯುವಾಗ ಈ ಸಂಬಂಧ ರಿಕ್ಟರ್ ಅವರಿಗೆ ತಿಳಿದಿರಲಿಲ್ಲ. ತಾಯಿಯ ತಮ್ಮನನ್ನೂ ಹೆಂಡತಿಯ ತಂದೆಯನ್ನೂ 'ಮಾವ' ಎಂಬ ಒಂದೇ ಮಾತಿನಿಂದ ಕರೆಯುವ ನಮ್ಮ ಬಂಧುವಾಚಕ ವ್ಯವಸ್ಥೆಯಲ್ಲಿ ನಿಂತು ನೋಡಿದರೆ ಈ ಮೂರು ಫೋಟೊಗಳು ಒಂದೇ ಆಲ್ಬಮ್ಮಿನ ಎದುರುಬದುರು ಪುಟಗಳಾಗುತ್ತವೆ. ಮೂರರಲ್ಲೂ ನಗುವಿದೆ, ಮೂರೂ ಮಾದರಿಗೆ ಸರಿಯಾಗಿ ಹೊಂದುವ ಕುಟುಂಬದ ಫೋಟೊಗಳು. ಬ್ಲರ್ ಎಂದು ಕಲಾವಿಮರ್ಶೆ ಕರೆಯುವ ಆ ಮಸುಕನ್ನು ನಾನು ಕಲಾವಿದನ ಶೈಲಿಯಾಗಿ ಓದುವುದಕ್ಕಿಂತ ಹೆಚ್ಚಾಗಿ ಮನೆಯ ಫೋಟೊದ ಸ್ವಭಾವವನ್ನು ಕುರಿತ ಹೇಳಿಕೆಯಾಗಿ ಓದುತ್ತೇನೆ. ಎಷ್ಟು ಸ್ಫುಟವಾಗಿದ್ದರೂ ಅದು ಹೇಳಬೇಕಾದ್ದನ್ನು ಹೇಳುವುದಿಲ್ಲ.

ಬಿರ್ಕೆನೌ

ಇಲ್ಲಿಯವರೆಗಿನ ವಿವೇಚನೆ ಒಂದು ಕಠಿಣ ಪ್ರಶ್ನೆಗೆ ಎದುರಾಗುವುದು 2014ರ 'ಬಿರ್ಕೆನೌ' ಸರಣಿಯಲ್ಲಿ. 260 ಸೆಂಟಿಮೀಟರ್ ಎತ್ತರ, 200 ಸೆಂಟಿಮೀಟರ್ ಅಗಲದ ನಾಲ್ಕು ಕ್ಯಾನ್ವಾಸುಗಳು. ಕಪ್ಪು, ಬೂದು, ಬಿಳಿ, ನಡುನಡುವೆ ಕೆಂಪು ಮತ್ತು ಹಸಿರು. ಇವುಗಳ ತಳದಲ್ಲಿರುವುದು ಮನೆಯ ಫೋಟೊಗಳಲ್ಲ. 1944ರ ಆಗಸ್ಟ್‌ನಲ್ಲಿ ಆಶ್ವಿಟ್ಸ್-ಬಿರ್ಕೆನೌ ಶಿಬಿರದ ಐದನೆಯ ಚಿತಾಗಾರದ ಬಳಿ, ಹೆಣಗಳನ್ನು ಸುಡಲು ನೇಮಿಸಲ್ಪಟ್ಟಿದ್ದ ಯಹೂದಿ ಬಂದಿಗಳು ಕದ್ದು ತೆಗೆದ ನಾಲ್ಕು ಫೋಟೊಗಳವು. ತೆಗೆದವರು ಗ್ರೀಸಿನ ಅಲ್ಬೆರ್ಟೊ ಎರ್ರೇರಾ ಎಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಫಿಲ್ಮನ್ನು ಟೂತ್‌ಪೇಸ್ಟಿನ ಟ್ಯೂಬಿನಲ್ಲಿ ಅಡಗಿಸಿ ಕ್ರಾಕೌ ನಗರದ ಪ್ರತಿರೋಧ ಸಂಘಟನೆಗೆ ಮುಟ್ಟಿಸಲಾಯಿತು. ಎರಡು ಫೋಟೊಗಳು ಕತ್ತಲ ಬಾಗಿಲಿನೊಳಗಿನಿಂದ ತೆಗೆದವು: ಹೊರಗೆ ಬಯಲಿನಲ್ಲಿ ಉರಿಯುತ್ತಿರುವ ಹೆಣಗಳ ಗುಂಡಿ, ಹೊಗೆ. ಮೂರನೆಯದರ ಒಂದು ಮೂಲೆಯಲ್ಲಿ ಬಟ್ಟೆ ಬಿಚ್ಚಿಸಿದ ಹೆಂಗಸರನ್ನು ಓಡಿಸುತ್ತಿದ್ದಾರೆ. ನಾಲ್ಕನೆಯದರಲ್ಲಿ ಮರಗಳ ತುದಿ ಮತ್ತು ಬೆಳಕು, ಬೇರೇನೂ ಇಲ್ಲ. ಶಿಬಿರಕ್ಕೆ ಆ ಹೆಸರು ಬಂದಿರುವುದೇ ಬಿರ್ಖ್ ಮರಗಳಿಂದ. ಆ ಪದವೂ ನಮ್ಮ ಭೂರ್ಜವೂ ಭಾಷಾಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಬೇರಿನವು.

ರಿಕ್ಟರ್ ಈ ಫೋಟೊಗಳನ್ನು ಕ್ಯಾನ್ವಾಸಿಗೆ ವರ್ಗಾಯಿಸಿ ಇದ್ದಿಲು ಮತ್ತು ಬಣ್ಣದಲ್ಲಿ ಬರೆಯಲು ಹೊರಟರು. ಅದು ಸಾಗಲಿಲ್ಲ. ಬರೆದದ್ದರ ಮೇಲೆ ಪದರಪದರವಾಗಿ ಬಣ್ಣ ಎಳೆಯುತ್ತ, ಕೆರೆಯುತ್ತ ಹೋದರು. ಕೊನೆಯಲ್ಲಿ ಫೋಟೊದ ಒಂದು ಗೆರೆಯೂ ಕಾಣುವಂತೆ ಉಳಿಯಲಿಲ್ಲ. 2015ರಲ್ಲಿ ಡ್ರೆಸ್ಡೆನ್‌ನಲ್ಲಿ ಇವು ಮೊದಲು ಪ್ರದರ್ಶಿತವಾದವು. 2017ರಲ್ಲಿ ಇವುಗಳ ಛಾಯಾಪ್ರತಿಯೊಂದು ಜರ್ಮನ್ ಸಂಸತ್ ಭವನವನ್ನು ಸೇರಿತು. 2024ರಲ್ಲಿ ಶಿಬಿರವಿದ್ದ ಓಶ್ವಿಯೆಂಚಿಮ್ ಊರಿನಲ್ಲಿಯೇ ಇನ್ನೊಂದು ಛಾಯಾಪ್ರತಿಗಾಗಿ ಪ್ರತ್ಯೇಕ ಪ್ರದರ್ಶನ ಮಂದಿರ ತೆರೆಯಿತು.

ಈ ಕೃತಿಯ ಬಗೆಗಿನ ವಿವಾದದ ಬೇರು ಹಿಂದಿನದು. 2001ರಲ್ಲಿ ಆ ನಾಲ್ಕು ಫೋಟೊಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದಾಗ ಅವುಗಳ ಕುರಿತು ಬರೆದ ಜಾರ್ಜ್ ದಿದಿ-ಯೂಬರ್‌ಮಾನ್ ಅವರನ್ನು ಕೆಲವರು ತೀವ್ರವಾಗಿ ಖಂಡಿಸಿದರು. ಅಂಥ ಸಂಹಾರಕ್ಕೆ ಚಿತ್ರವೇ ಇರಲಾರದು, ಇದೆಯೆನ್ನುವುದು ವಿಗ್ರಹಾರಾಧನೆ ಎಂಬುದು ಆ ಖಂಡನೆಯ ತಿರುಳು. 2003ರ ತಮ್ಮ ಗ್ರಂಥದಲ್ಲಿ ಅವರು ಕೊಟ್ಟ ಉತ್ತರದಲ್ಲಿ ನನಗೆ ಬಹು ಮುಖ್ಯವೆನಿಸಿದ್ದು ಒಂದು ವಸ್ತುನಿಷ್ಠ ಸಂಗತಿ. ಯುದ್ಧಾನಂತರ ಈ ಫೋಟೊಗಳನ್ನು ಅಚ್ಚು ಮಾಡುವಾಗ ಬಾಗಿಲಿನ ಕಪ್ಪು ಭಾಗವನ್ನು ಕತ್ತರಿಸಿ ತೆಗೆಯಲಾಗುತ್ತಿತ್ತು. ಹೆಂಗಸರ ಚಿತ್ರವನ್ನು ದೊಡ್ಡದು ಮಾಡಿ ತಿದ್ದಲಾಗುತ್ತಿತ್ತು. 'ಏನೂ ಕಾಣದ' ನಾಲ್ಕನೆಯದನ್ನು ಬಿಟ್ಟುಬಿಡಲಾಗುತ್ತಿತ್ತು. ಆದರೆ ಆ ಕಪ್ಪು ಭಾಗವೇ ತೆಗೆದವನು ನಿಂತ ಜಾಗ. ಆ ಮರದ ತುದಿಗಳೇ, ಕಣ್ಣಿಗೆ ಕ್ಯಾಮೆರಾ ಹಿಡಿಯಲಾಗದೆ ಗುರಿಯಿಲ್ಲದೆ ಗುಂಡಿ ಒತ್ತಿದ ಕೈಯ ಸಾಕ್ಷ್ಯ. ಗುಂಪು ಫೋಟೊದಿಂದ ಮುಖವನ್ನು ಹಿರಿದು ಬೂದು ಹಿನ್ನೆಲೆಯಲ್ಲಿ ನಿಲ್ಲಿಸುವ ನಮ್ಮ ಸ್ಟುಡಿಯೊದ ಕೆಲಸಕ್ಕೆ ಇದು ಎಷ್ಟು ಹತ್ತಿರವೆಂಬುದು ದಿಗಿಲು ಹುಟ್ಟಿಸುತ್ತದೆ. ಸ್ಪಷ್ಟತೆಗಾಗಿ ಸಂದರ್ಭವನ್ನು ಕತ್ತರಿಸುವುದು ಜಾನಪದ ಸಂಗ್ರಾಹಕರು ಕೂಡ ಕಥೆ, ಹಾಡುಗಳ ವಿಷಯದಲ್ಲಿ ದೀರ್ಘಕಾಲ ಮಾಡುತ್ತ ಬಂದದ್ದೇ.

ಹಾಗಾದರೆ ರಿಕ್ಟರ್ ಮಾಡಿದ್ದೇನು? ಕತ್ತರಿಸಿದವರು ಕಾಣಿಸುವುದನ್ನಷ್ಟೇ ಉಳಿಸಿಕೊಂಡರು, ಇವರು ಕಾಣಿಸುವುದೆಲ್ಲವನ್ನೂ ಮುಚ್ಚಿದರು. ಮುಚ್ಚಿದ್ದು ಗೌರವ ಎಂದು ಹಲವರು ಬರೆದಿದ್ದಾರೆ. ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಮಾರಮ್ಮನ ಕಲ್ಲಿಗೆ ಅರಿಸಿನ ಕುಂಕುಮ ಮೆತ್ತಿ ಕಲ್ಲೇ ಕಾಣದಂತಾದಾಗ ಅದರ ಕೆಳಗೆ ಏನಿದೆಯೆಂದು ಊರಿಗೆ ಗೊತ್ತಿರುತ್ತದೆ. ಆ ಅರಿವನ್ನು ಹೊತ್ತ ಸಮುದಾಯವಿದೆ, ವರ್ಷಕ್ಕೊಮ್ಮೆ ಅದನ್ನು ಹೇಳುವ ಬಾಯಿಗಳಿವೆ. 'ಬಿರ್ಕೆನೌ' ಕ್ಯಾನ್ವಾಸಿನ ಮುಂದೆ ಬಂದು ನಿಲ್ಲುವವರಿಗೆ ಅಂಥ ಸಮುದಾಯವಿಲ್ಲ. ಮೇಲ್ಬಣ್ಣದ ಪುಟ್ಟ ಫೋಟೊಗಳಲ್ಲಾದರೆ ಸೂತ್ರಬದ್ಧ ಚಿತ್ರದ ಉಳಿದ ತುಣುಕು ಮುಚ್ಚಿದ್ದನ್ನು ಹೇಳಿಕೊಡುತ್ತಿತ್ತು. ಇಲ್ಲಿ ತುಣುಕೂ ಉಳಿದಿಲ್ಲ, ಸೂತ್ರವೂ ಇಲ್ಲ. ಇಂಥ ಫೋಟೊಗೆ ಜಗತ್ತಿನಲ್ಲಿ ಪಾಠಾಂತರಗಳಿಲ್ಲ. ರೋಲಾಂ ಬಾರ್ತ್ 1980ರ ತಮ್ಮ ಪುಸ್ತಕದಲ್ಲಿ ತಾಯಿಯ ಬಾಲ್ಯದ ಫೋಟೊ ಕುರಿತು ಪುಟಗಟ್ಟಲೆ ಬರೆದು, ಆ ಫೋಟೊವನ್ನು ಮಾತ್ರ ಅಚ್ಚು ಹಾಕಲಿಲ್ಲ. ಅದು ಅವರ ತಾಯಿ, ಅದು ಅವರ ಹಕ್ಕು. ಬಿರ್ಕೆನೌ ಫೋಟೊಗಳನ್ನು ತೆಗೆದವರು ಜೀವ ಪಣಕ್ಕಿಟ್ಟು ತೆಗೆದದ್ದು ಯಾರಾದರೂ ನೋಡಲಿ ಎಂದು. ಅವನ್ನು ಮುಚ್ಚುವ ಹಕ್ಕು ಆ ಅರ್ಥದಲ್ಲಿ ಯಾರಿಗೂ ಸೇರಿದ್ದಲ್ಲ.

ರಿಕ್ಟರ್ ಅವರಿಗೂ ಇದರ ಅರಿವಿತ್ತೆಂಬುದಕ್ಕೆ ಅವರ ಪ್ರದರ್ಶನ ಕ್ರಮವೇ ಸಾಕ್ಷಿ. ಕ್ಯಾನ್ವಾಸುಗಳ ಜೊತೆಗೆ ಆ ನಾಲ್ಕು ಫೋಟೊಗಳ ಸಣ್ಣ ಪ್ರತಿಗಳನ್ನು, ಕಪ್ಪು ಬಾಗಿಲನ್ನು ಕತ್ತರಿಸದೆ, ಮರದ ತುದಿಗಳನ್ನು ಬಿಡದೆ, ತೂಗುಹಾಕುತ್ತ ಬಂದಿದ್ದಾರೆ. ಅನೇಕ ವಿಮರ್ಶಕರು ಅವನ್ನು ಪೂರಕ ಸಾಮಗ್ರಿಯೆಂದು ಪಕ್ಕಕ್ಕಿಟ್ಟು ಕ್ಯಾನ್ವಾಸಿನ ಬಣ್ಣದ ಬಗ್ಗೆ ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಕೃತಿ ಎಂದರೆ ಎಂಟು ಚಿತ್ರಗಳು, ನಾಲ್ಕಲ್ಲ. ದೊಡ್ಡವು ನಾಲ್ಕನ್ನು ಮಾತ್ರ ಅಚ್ಚು ಹಾಕಿದ ಪುಸ್ತಕಗಳಲ್ಲಿ, ಅವನ್ನಷ್ಟೇ ತೂಗುಹಾಕಿದ ಕೋಣೆಗಳಲ್ಲಿ ಆ ಕೃತಿ ಇರುವುದಿಲ್ಲ. ಅಲ್ಲಿರುವುದು ದುಬಾರಿಯಾದ ಕಪ್ಪುಬಿಳುಪು ಬಣ್ಣ. ಎಂಟನ್ನೂ ಒಟ್ಟಿಗೆ ನೋಡಿದವರ ಕಣ್ಣು ದೊಡ್ಡ ಕ್ಯಾನ್ವಾಸಿನ ಕಪ್ಪಿನಿಂದ ಸಣ್ಣ ಫೋಟೊದ ಬಾಗಿಲಿನ ಕಪ್ಪಿಗೆ ಹೋಗುತ್ತದೆ. ಅಲ್ಲಿಂದ ನಾಲ್ಕನೆಯ ಫೋಟೊಗೆ, ಯಾರೂ ಅಮೂರ್ತವಾಗಿಸದೆ ತಾನಾಗಿಯೇ ಅಮೂರ್ತವಾದ ಆ ಓರೆಯಾದ ಕೊಂಬೆಗಳಿಗೆ, ಅವುಗಳ ನಡುವಿನ ಬಿಳಿಯ ಆಕಾಶಕ್ಕೆ.